ಆಕಾಶದಲ್ಲಿ ಹದಿನೇಳು ಗಂಟೆ, ಬೈರಕೂರು ರಸ್ತೆಯಲ್ಲಿ ಎಷ್ಟು ಗಂಟೆ?

ಬೈರಕೂರು ಹೋಬಳಿಯ ಹಿರೀಕರನ್ನು ದಾರಿ ಕೇಳಿ ನೋಡಿ. ಮುಂದಿನ ಹಳ್ಳಿ ಎಷ್ಟು ದೂರ ಅಂದರೆ ಅವರು ಮೈಲಿ ಹೇಳೋದಿಲ್ಲ, ಕಿಲೋಮೀಟರೂ ಹೇಳೋದಿಲ್ಲ. "ಒಂದು ಸಲ ಎಲೆ ಅಡಿಕೆ ಹಾಕ್ಕೊಂಡು ಮುಗಿಸೋ ಹೊತ್ತಿಗೆ ಸಿಗ್ತದೆ ಹೋಗಪ್ಪಾ" ಅಂತಾರೆ. ಇನ್ನೂ ಹತ್ತಿರವಾದರೆ ಕೂಗಳತೆ. ದೂರವಾದರೆ "ಹೊತ್ತು ಹುಟ್ಟೋಕೆ ಮುಂಚೆ ಹೊರಟ್ರೆ ಉಣ್ಣೋ ಹೊತ್ತಿಗೆ ಸೇರ್ತೀಯ". ದೂರವನ್ನು ಹೊತ್ತಿನಲ್ಲಿ ಅಳೆಯೋದು ಈ ಸೀಮೆಯ ಹಳೇ ಪದ್ಧತಿ. ಓದಿದವರು ಇದನ್ನು ಕೇಳಿ ನಗಬಹುದು. ಆದರೆ ಇವತ್ತು ವಿಮಾನ ಕಂಪನಿಗಳು ಮಾಡುತ್ತಿರೋದೂ ಇದನ್ನೇ! ಟಿಕೆಟ್ ತೆಗೆದು ನೋಡಿ. ಹೊರಡುವ ಹೊತ್ತು, ಸೇರುವ ಹೊತ್ತು ದಪ್ಪಕ್ಷರದಲ್ಲಿರುತ್ತೆ. ಕಿಲೋಮೀಟರು ಎಷ್ಟು ಅಂತ ಯಾರೂ ಕೇಳೋದಿಲ್ಲ.

ಮುಳಬಾಗಲು ತಾಲ್ಲೂಕಿನ ಈ ಗಡಿ ಹೋಬಳಿಯಲ್ಲಿ ಕನ್ನಡ, ತೆಲುಗು ಎರಡೂ ಒಂದೇ ಬಾಯಲ್ಲಿ ಓಡಾಡುತ್ತವೆ. ಇಲ್ಲಿಯ ಮಕ್ಕಳೂ ಓದಿ ಬೆಂಗಳೂರಿಗೆ ಹೋದರು. ಕೆಲವರು ಅಲ್ಲಿಂದಾಚೆ ಸಮುದ್ರ ದಾಟಿದರು. ಹೀಗಾಗಿ ಅಂಗಡಿ ಜಗಲಿಗಳಲ್ಲಿ, ಬಸ್ಸು ಕಾಯುವ ಕಟ್ಟೆಗಳಲ್ಲಿ ಒಂದು ಹೊಸ ಪ್ರಶ್ನೆ ಹುಟ್ಟಿದೆ. "ಅಮೆರಿಕ ಅಂದ್ರೆ ಎಷ್ಟು ದೂರ ಅಣ್ಣಾ? ಎಷ್ಟೊತ್ತಿಗೆ ಬರಬಹುದು?"

ಸಾಮಾನ್ಯ ದಿನಗಳಲ್ಲಿ ಇದು ಹರಟೆಯ ಪ್ರಶ್ನೆ. ಆದರೆ ಒಂದು ಮನೆಯಲ್ಲಿ ಹಿರಿಯರು ತೀರಿಕೊಂಡಿದ್ದಾರೆ, ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ, ಮಣ್ಣಿಗೆ ಇಡೋಕೆ ಅವನು ಬರಲೇಬೇಕು ಅಂತ ತಾಯಿ ಹಟ ಹಿಡಿದು ಕೂತಿದ್ದಾಳೆ ಅಂತಿಟ್ಟುಕೊಳ್ಳಿ. ಆಗ ಇದೇ ಪ್ರಶ್ನೆಗೆ ತೂಕ ಬರುತ್ತೆ. ಆ ತಾಯಿಗೆ ಕಿಲೋಮೀಟರಿನ ಲೆಕ್ಕ ಬೇಡ. ಹೊತ್ತಿನ ಲೆಕ್ಕ ಬೇಕು.

ಆ ಲೆಕ್ಕವನ್ನು ಸರಿಯಾಗಿ ಹಾಕಿ ನೋಡೋಣ.

ತೊಟ್ಟಿನ ಮೇಲಿಂದ ಹೋದ ದಾರಿ

2021ರ ಜನವರಿ 9ರ ಶನಿವಾರ ರಾತ್ರಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದಿಂದ ಏರ್ ಇಂಡಿಯಾದ ಒಂದು ವಿಮಾನ ಮೇಲೆದ್ದಿತು. ನಡುವೆ ಎಲ್ಲೂ ಇಳಿಯದೆ ಜನವರಿ 11ರ ಸೋಮವಾರ ಬೆಳಗಿನ ಜಾವ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದಿಳಿಯಿತು. ಆ ಎರಡು ಊರುಗಳ ನಡುವೆ ಅದು ಮೊದಲ ನೇರ ವಿಮಾನ. ನಡೆಸಿದವರೆಲ್ಲ ಹೆಣ್ಣುಮಕ್ಕಳು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳು. ಜೊತೆಗೆ ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್. ಬೋಯಿಂಗ್ 777 ಜಾತಿಯ ಆ ಹಕ್ಕಿ ಹದಿನೇಳು ಗಂಟೆಯ ಹಾದಿಯನ್ನು ಉತ್ತರ ಧ್ರುವದ ಮೇಲಿಂದ ಹಾದು ಬಂತು.

ಎರಡು ಊರುಗಳ ನಡುವೆ ನೇರ ಅಳತೆ 13,993 ಕಿಲೋಮೀಟರ್. ವಿಮಾನ ನಿಜವಾಗಿ ಹಾರಿದ ದಾರಿ ಅದಕ್ಕಿಂತ ಉದ್ದ. ಏಕೆಂದರೆ ಆಕಾಶದಲ್ಲೂ ಗಾಳಿ ನೋಡಿ, ಅಪ್ಪಣೆ ನೋಡಿ ಸುತ್ತಿ ಬಳಸಿ ಬರಬೇಕು.

ಇಲ್ಲಿ ಒಂದು ಸಂಶಯ ಬರುತ್ತೆ. ಅಮೆರಿಕ ಇರೋದು ಪಡುವಣಕ್ಕೋ ಮೂಡಲಿಗೋ ಆದರೆ, ವಿಮಾನ ಬಡಗಣ ತುದಿಗೆ ಯಾಕೆ ಹೋಯಿತು? ವಡ್ಡಹಳ್ಳಿ ಮಾರುಕಟ್ಟೆಯಿಂದ ಒಂದು ದುಂಡು ಟೊಮ್ಯಾಟೋ ತಂದು ಕೈಯಲ್ಲಿ ಹಿಡಿಯಿರಿ. ತೊಟ್ಟು ಮೇಲಿರಲಿ. ಆ ತೊಟ್ಟೇ ಉತ್ತರ ಧ್ರುವ. ಈ ಪಕ್ಕದಲ್ಲಿ ನಡುವಿಗಿಂತ ಸ್ವಲ್ಪ ಮೇಲೆ ಒಂದು ಗುಂಡುಸೂಜಿ ಚುಚ್ಚಿ, ಅದು ಬೆಂಗಳೂರು. ಹೆಚ್ಚುಕಡಿಮೆ ಎದುರು ಪಕ್ಕದಲ್ಲಿ, ಇನ್ನೂ ಸ್ವಲ್ಪ ಮೇಲೆ ಇನ್ನೊಂದು ಸೂಜಿ, ಅದು ಸ್ಯಾನ್‌ಫ್ರಾನ್ಸಿಸ್ಕೋ. ಈಗ ಒಂದು ದಾರ ತಗೊಂಡು ಎರಡು ಸೂಜಿಗೂ ಬಿಗಿಯಾಗಿ ಎಳೆದು ಕಟ್ಟಿ. ಹೊಟ್ಟೆಯ ಸುತ್ತ ಹೋದರೆ ದಾರ ಹೆಚ್ಚು ಬೇಕು. ತೊಟ್ಟಿನ ಹತ್ತಿರ ಹಾದರೆ ಕಡಿಮೆ ಸಾಕು. ಅಷ್ಟೇ ಗುಟ್ಟು. ಗೋಡೆಗೆ ನೇತುಹಾಕಿದ ನಕಾಶೆಯಲ್ಲಿ ಭೂಮಿ ಚಪ್ಪಟೆ, ಅಲ್ಲಿ ಕಾಣೋ ನೇರ ದಾರಿ ನಿಜವಾದ ನೇರ ದಾರಿಯಲ್ಲ.

ಭಾನುವಾರ ಎಲ್ಲಿ ಹೋಯಿತು?

ಶನಿವಾರ ರಾತ್ರಿ ಎಂಟೂವರೆ ಹೊತ್ತಿಗೆ ಅಲ್ಲಿ ಹತ್ತಿದವರು ಸೋಮವಾರ ಬೆಳಗಿನ ಜಾವ ನಾಲ್ಕರೊಳಗೆ ಇಲ್ಲಿ ಇಳಿದರು. ಕ್ಯಾಲೆಂಡರು ಹಿಡಿದು ಎಣಿಸಿದರೆ ಮೂವತ್ತೊಂದು ಗಂಟೆ ಆಗುತ್ತೆ. ಹಾರಿದ್ದು ಮಾತ್ರ ಹದಿನೇಳು ಚಿಲ್ಲರೆ. ಮಿಕ್ಕ ಹದಿಮೂರೂವರೆ ಗಂಟೆ ಯಾರ ಜೇಬಿಗೆ ಹೋಯಿತು? ಯಾರ ಜೇಬಿಗೂ ಇಲ್ಲ. ಅಲ್ಲಿಯ ಗಡಿಯಾರ ಇಲ್ಲಿಗಿಂತ ಅಷ್ಟು ಹಿಂದೆ. ಅಲ್ಲಿ ಶನಿವಾರ ರಾತ್ರಿ ಎಂಟೂವರೆ ಹೊಡೆದಾಗ ಮುಳಬಾಗಲಿನಲ್ಲಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆ, ದೋಸೆ ಹೆಂಚು ಕಾದಿರುತ್ತೆ.

ತಿರುಗಿ ಹೋಗುವಾಗ ಇದೇ ಲೆಕ್ಕ ತಲೆಕೆಳಗು. ಚಳಿಗಾಲದಲ್ಲಿ ದೇವನಹಳ್ಳಿಯಿಂದ ಮಧ್ಯಾಹ್ನ ಎರಡೂವರೆಗೆ ಹೊರಟ ವಿಮಾನ ಹದಿನಾರು ಗಂಟೆ ಹಾರಿ ಅಲ್ಲಿ ಇಳಿದರೆ, ಅಲ್ಲಿಯ ಗೋಡೆ ಗಡಿಯಾರದಲ್ಲಿ ಅದೇ ದಿನ ಸಂಜೆ ಐದು ಗಂಟೆ! "ನಮ್ಮ ಹುಡುಗ ಎರಡೂವರೆ ಗಂಟೇಲಿ ಅಮೆರಿಕ ಸೇರಿಬಿಟ್ಟ" ಅಂತ ಯಾರಾದರೂ ಬಸ್ಸಿನಲ್ಲಿ ಹೊಗಳಿಕೊಂಡರೆ ಬೇಜಾರು ಮಾಡಿಕೊಳ್ಳಬೇಡಿ. ಟಿಕೆಟಿನಲ್ಲಿ ಇರುವುದು ಆಯಾ ಊರಿನ ಗಡಿಯಾರ. ಫೋನು ಮಾಡುವವರೂ ಇದನ್ನು ನೆನಪಿಡಬೇಕು. ಮಾರ್ಚಿಯಿಂದ ನವೆಂಬರಿನವರೆಗೆ ಅಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳುತ್ತಾರೆ. ಆಗ ವ್ಯತ್ಯಾಸ ಹನ್ನೆರಡೂವರೆ ಗಂಟೆ.

ಹೋಗುವ ಹೊತ್ತೂ ಬರುವ ಹೊತ್ತೂ ಒಂದೇ ಇರಬೇಕು ಅಂತೇನೂ ಇಲ್ಲ. ಒಂಬತ್ತು ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಡುವಣದಿಂದ ಮೂಡಲಿಗೆ ಬಿರುಗಾಳಿ ಬೀಸುತ್ತಿರುತ್ತೆ. ಗಾಳಿ ಬೆನ್ನಿಗಿದ್ದರೆ ಬೇಗ, ಎದೆಗಿದ್ದರೆ ತಡ. ಸೈಕಲ್ ತುಳಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಗಾಳಿಯ ಜೊತೆಗೆ ಗಡಿಯ ಜಗಳವೂ ಸೇರಿಕೊಳ್ಳುತ್ತೆ. 2019ರಲ್ಲಿ ಫೆಬ್ರವರಿಯಿಂದ ಜುಲೈವರೆಗೆ ಪಾಕಿಸ್ತಾನ ತನ್ನ ಆಕಾಶದ ಬಾಗಿಲು ಹಾಕಿತು. 2025ರ ಏಪ್ರಿಲ್ 24ರಂದು ಭಾರತದ ವಿಮಾನಗಳಿಗೆ ಮತ್ತೆ ಹಾಕಿತು. ಆಗ ದಿಲ್ಲಿಯಿಂದ ಯುರೋಪಿಗೂ ಅಮೆರಿಕಕ್ಕೂ ಹೋಗುವ ವಿಮಾನಗಳು ಸುತ್ತು ದಾರಿ ಹಿಡಿದವು. ಕೆಲವು ನಡುದಾರಿಯಲ್ಲಿ ಇಳಿದು ಎಣ್ಣೆ ತುಂಬಿಸಿಕೊಳ್ಳಬೇಕಾಯಿತು. ಊರುಗಳು ಇದ್ದಲ್ಲೇ ಇದ್ದವು. ದೂರ ಮಾತ್ರ ಬೆಳೆಯಿತು! ಹಾಗಾದರೆ ದೂರ ಅನ್ನೋದು ನೆಲದ ಅಳತೆಯಲ್ಲ, ಹೊತ್ತಿನ ಅಳತೆ ಅಂತ ಹಿರೀಕರು ಹೇಳಿದ್ದೇ ಸರಿಯಾಯಿತು.

ನೇರ ವಿಮಾನಗಳನ್ನು ಕಂಪನಿಗಳು ಶುರು ಮಾಡುತ್ತವೆ, ನಷ್ಟವಾದರೆ ನಿಲ್ಲಿಸುತ್ತವೆ. ನೇರ ಇಲ್ಲದಾಗ ಫ್ರಾಂಕ್‌ಫರ್ಟಿನಲ್ಲೋ ಸಿಂಗಪುರದಲ್ಲೋ ಇಳಿದು ಬೇರೆ ವಿಮಾನ ಹತ್ತಬೇಕು. ಮುಳಬಾಗಲಲ್ಲಿ ಇಳಿದು ಕೋಲಾರದ ಬಸ್ಸು ಹತ್ತಿದ ಹಾಗೆ. ಹಾಗಾದಾಗ ಇಪ್ಪತ್ತು ಗಂಟೆಯ ಮೇಲೆ ಹಿಡಿಯುತ್ತೆ. ಕಾಯೋದು ಹೆಚ್ಚಾದರೆ ಒಂದು ಹಗಲೂ ಒಂದು ರಾತ್ರಿಯೂ ಕಳೆಯುತ್ತೆ. ಆದರೂ ಒಂದು ಮಾತು ಒಪ್ಪಬೇಕು. ಎಷ್ಟು ಹೊತ್ತು ಕಾಯಬೇಕು ಅಂತ ಟಿಕೆಟು ಕೊಳ್ಳುವಾಗಲೇ ಹೇಳಿರುತ್ತಾರೆ.

ಉಳಿದ 120 ಕಿಲೋಮೀಟರು

ಈಗ ನೆಲಕ್ಕೆ ಇಳಿಯೋಣ. ಬೈರಕೂರಿನಿಂದ ಮುಳಬಾಗಲು, ಅಲ್ಲಿಂದ ಕೋಲಾರ, ಹೊಸಕೋಟೆ, ಆಮೇಲೆ ದೇವನಹಳ್ಳಿಯ ವಿಮಾನ ನಿಲ್ದಾಣ. ಲೆಕ್ಕಕ್ಕೆ 120 ಕಿಲೋಮೀಟರ್ ಅಂತಿಟ್ಟುಕೊಳ್ಳಿ.

ಹದಿನೇಳು ಗಂಟೆಯಲ್ಲಿ 13,993 ಕಿಲೋಮೀಟರ್ ಮುಗಿಸುವ ವಿಮಾನದ ಓಟ ಗಂಟೆಗೆ 820ರ ಮೇಲೆ. ಅದಕ್ಕೆ 120 ಕಿಲೋಮೀಟರ್ ಅಂದರೆ ಒಂಬತ್ತು ನಿಮಿಷವೂ ಬೇಡ. ಮುಳಬಾಗಲಿನ ಹೋಟೆಲಿನಲ್ಲಿ ದೋಸೆ ಹೇಳಿ ಅದು ಮೇಜಿಗೆ ಬರುವುದರೊಳಗೆ ಮುಗಿದುಹೋಗುತ್ತೆ!

ಅದೇ ದಾರಿಯನ್ನು ಹಳ್ಳಿಯವನು ಬಸ್ಸಿನಲ್ಲಿ ಹೋಗಲಿ. ಮೂರು ನಾಲ್ಕು ಕಡೆ ಇಳಿದು ಹತ್ತಿ, ಕಾದು, ನಿಂತು, ಎಲ್ಲಾ ಸರಿಯಾಗಿ ಕೂಡಿಬಂದರೆ ನಾಲ್ಕು ಗಂಟೆ ಅನ್ನೋಣ. ಆ ನಾಲ್ಕು ಗಂಟೆಯಲ್ಲಿ ಬೆಂಗಳೂರಿಂದ ಎದ್ದ ವಿಮಾನ ಕಾಶ್ಮೀರವನ್ನೂ ದಾಟುವಷ್ಟು ದೂರ ಹೋಗಿರುತ್ತೆ. ಆಗಲಿ, ವಿಮಾನದ ಜೊತೆ ಬಸ್ಸು ಪಂದ್ಯ ಕಟ್ಟಬೇಕಾಗಿಲ್ಲ. ಬಸ್ಸಿಗೆ ರೆಕ್ಕೆ ಬೇಕು ಅಂತ ಯಾರೂ ಕೇಳುತ್ತಿಲ್ಲ.

ತಕರಾರು ಇರೋದು ಬೇರೆ ಕಡೆ. ಆ ನಾಲ್ಕು ಗಂಟೆ ನಾಲ್ಕೇ ಗಂಟೆ ಅಂತ ಯಾರು ಗ್ಯಾರಂಟಿ ಕೊಡುತ್ತಾರೆ?

ಹೊರದೇಶದ ವಿಮಾನಕ್ಕೆ ಮೂರು ಗಂಟೆ ಮುಂಚೆ ನಿಲ್ದಾಣದಲ್ಲಿರಬೇಕು. 2023ರ ಸೆಪ್ಟೆಂಬರಿನಿಂದ ಆ ವಿಮಾನಗಳೆಲ್ಲ ಎರಡನೇ ಟರ್ಮಿನಲ್ಲಿಂದ ಹೊರಡುತ್ತವೆ. ಮಧ್ಯಾಹ್ನ ಎರಡೂವರೆಯ ವಿಮಾನ ಅಂದರೆ ಹನ್ನೊಂದೂವರೆಗೆ ಅಲ್ಲಿ. ನಾಲ್ಕು ಗಂಟೆಯ ದಾರಿ, ಏಳೂವರೆಗೆ ಊರು ಬಿಟ್ಟರೆ ಸಾಕು. ಲೆಕ್ಕ ಹೀಗೆ ಹೇಳುತ್ತೆ. ಆದರೆ ಯಾವ ತಂದೆ ತಾನೆ ಮಗಳನ್ನು ಏಳೂವರೆಗೆ ಹೊರಡಿಸುತ್ತಾನೆ? "ಏಳೂವರೆ ಬಸ್ಸು ಎಂಟಾದ್ರೆ? ಮುಳಬಾಗಲಲ್ಲಿ ಸಿಗದೇ ಇದ್ರೆ? ಹೊಸಕೋಟೆ ಹತ್ರ ಜಾಮ್ ಆದ್ರೆ?" ಅಂತ ಬೆಳಗಿನ ಜಾವ ನಾಲ್ಕಕ್ಕೆ ಬಾಡಿಗೆ ಕಾರು ಹೇಳುತ್ತಾನೆ. ಇಲ್ಲದಿದ್ದರೆ ಹಿಂದಿನ ದಿನವೇ ಹೊರಟು ಬೆಂಗಳೂರಿನ ನೆಂಟರ ಮನೆಯಲ್ಲಿ ರಾತ್ರಿ ಕಳೆಯುತ್ತಾನೆ. ನಾಲ್ಕು ಗಂಟೆಯ ದಾರಿ ಹನ್ನೆರಡು ಗಂಟೆಯಾಯಿತು. ಹೆಚ್ಚಿಗೆ ಬಿದ್ದ ಎಂಟು ಗಂಟೆ ರಸ್ತೆಯ ಉದ್ದದಿಂದ ಬಂದದ್ದಲ್ಲ, ನಂಬಿಕೆ ಇಲ್ಲದ್ದರಿಂದ ಬಂದದ್ದು.

ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ತಡವಾಗಿ ಬರುವ ಬಸ್ಸಿಗಿಂತ ಎಷ್ಟೊತ್ತಿಗೆ ಬರುತ್ತೋ ತಿಳಿಯದ ಬಸ್ಸು ಹೆಚ್ಚು ಹೊತ್ತು ತಿನ್ನುತ್ತೆ. ತಡವಾದರೂ ಇಂಥ ಹೊತ್ತಿಗೇ ಬರುತ್ತೆ ಅಂತ ಗೊತ್ತಿದ್ದರೆ ಜನ ತಮ್ಮ ಕೆಲಸ ಮುಗಿಸಿ ಬರುತ್ತಾರೆ. ಗೊತ್ತಿಲ್ಲದಿದ್ದರೆ ಕೆಲಸ ಬಿಟ್ಟು ಕಟ್ಟೆ ಮೇಲೆ ಕೂರುತ್ತಾರೆ.

ಬಾಗಿಲು ದೂರ ಸರಿದ ಕಥೆ

ಒಂದು ಕಾಲದಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣ ಇದ್ದದ್ದು ಎಚ್.ಎ.ಎಲ್. ಹತ್ತಿರ, ಪೇಟೆಯ ಮೂಡಲ ಪಕ್ಕದಲ್ಲಿ. ಕೋಲಾರದ ಕಡೆಯಿಂದ ಬರುವ ಬಸ್ಸು ಕೃಷ್ಣರಾಜಪುರ ದಾಟಿ ಪೇಟೆಯ ಗಿಜಿಗಿಜಿಗೆ ನುಗ್ಗುವ ಮೊದಲೇ ಅದು ಹತ್ತಿರ ಸಿಗುತ್ತಿತ್ತು. 2008ರ ಮೇ 24ರಿಂದ ವಿಮಾನಗಳು ದೇವನಹಳ್ಳಿಗೆ ಹೋದವು. ನಾಡಿಗೆ ದೊಡ್ಡ ನಿಲ್ದಾಣ ಬಂತು, ಒಳ್ಳೇದೇ ಆಯಿತು. ಆದರೆ ಮೂಡಲ ಸೀಮೆಯ ಬಸ್ಸು ಪ್ರಯಾಣಿಕನಿಗೆ ಒಂದು ಮಜಲು ಹೆಚ್ಚಾಯಿತು.

ಮುಳಬಾಗಲು ಅನ್ನೋ ಹೆಸರೇ ಮೂಡಲ ಬಾಗಿಲು. ಬಾಗಿಲಲ್ಲಿ ಕೂತವನಿಗೆ ಮನೆಯೊಳಗೆ ಹೋಗೋಕೆ ಎಷ್ಟು ಹೊತ್ತು ಅಂತ ತಿಳಿಯದಿದ್ದರೆ ಅದೆಂಥ ಬಾಗಿಲು?

ರೈಲಿನ ಕಥೆಯೂ ಇಂಥದ್ದೇ. ಮುಳಬಾಗಲು ಪೇಟೆಗೆ ರೈಲಿಲ್ಲ. ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಚಿಕ್ಕಬಳ್ಳಾಪುರ ಹಾದು ಯಲಹಂಕಕ್ಕೆ ಹೋಗುವ ಹಳಿ ಇದೆ. ಹಿಂದೆ ಅದು ಪುಟ್ಟ ಹಳಿ, ಈಗ ದೊಡ್ಡ ಹಳಿ. ಅದೇ ಹಳಿಯ ಮೇಲೆ ದೇವನಹಳ್ಳಿ ವಿಮಾನ ನಿಲ್ದಾಣದ ಪಕ್ಕದಲ್ಲೇ 2021ರ ಜನವರಿ 4ರಂದು ಒಂದು ರೈಲು ನಿಲುಗಡೆ ಶುರುವಾಯಿತು. ಸ್ಯಾನ್‌ಫ್ರಾನ್ಸಿಸ್ಕೋ ವಿಮಾನ ಬಂದಿಳಿಯುವುದಕ್ಕೆ ಸರಿಯಾಗಿ ಒಂದು ವಾರ ಮುಂಚೆ! ಅಂದರೆ ಕೋಲಾರ ಜಿಲ್ಲೆಯ ಹಳಿಯ ತುದಿ ವಿಮಾನದ ಬಾಗಿಲಿಗೆ ಮುಟ್ಟಿದೆ. ಆದರೆ ಹಳಿ ಮುಟ್ಟಿದರೆ ಸಾಲದು, ಹೊತ್ತು ಮುಟ್ಟಬೇಕು. ರೈಲು ನಿಲ್ಲುವ ಹೊತ್ತಿಗೂ ವಿಮಾನ ಹೊರಡುವ ಹೊತ್ತಿಗೂ, ಊರಿನ ಬಸ್ಸಿಗೂ ರೈಲಿಗೂ ತಾಳೆ ಬೀಳದಿದ್ದರೆ ಹಳಿ ಇದ್ದೂ ಇಲ್ಲದ ಹಾಗೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ವೇಗಕ್ಕಿಂತ ಹೊತ್ತು ದೊಡ್ಡದು

ಹೊತ್ತಿಗೆ ಸರಿಯಾಗಿ ನಡೆಸೋದಕ್ಕೆ ದೊಡ್ಡ ಯಂತ್ರ ಬೇಕು ಅಂತ ಯಾರಾದರೂ ಹೇಳಿದರೆ ಈ ದೇಶದ ಹಳೇ ಕಥೆ ಕೇಳಿಸಬೇಕು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದಿನ ಮೇಲೆ ಮುಂಬಯಿಗೆ ಅಂಚೆ ಚೀಲ ಹೊತ್ತ ಒಂದು ಸಣ್ಣ ವಿಮಾನ ಹಾರಿಸಿಕೊಂಡು ಬಂದರು. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯಲ್ಲಿ ಇಳಿಸಿ ಮದರಾಸಿಗೆ ಮುಟ್ಟಿಸಿದರು. ಹೌದು, ಕನ್ನಡದ ಬಳ್ಳಾರಿಯೇ ಆ ಮೊದಲ ದಾರಿಯ ಒಂದು ನಿಲ್ದಾಣ! ಒಂದೇ ಎಂಜಿನಿನ ಪುಟ್ಟ ವಿಮಾನ, ಇವತ್ತಿನ ಹಾಗೆ ದಾರಿ ತೋರಿಸುವ ಯಂತ್ರಗಳಿಲ್ಲ, ಮಳೆಗಾಲದಲ್ಲಿ ಮೋಡ. ಆದರೂ ಆ ಸೇವೆ ಹೊತ್ತು ತಪ್ಪದೆ ನಡೆದದ್ದಕ್ಕೆ ಅಂದಿನ ಸರ್ಕಾರದ ವರದಿಯಲ್ಲೇ ಹೊಗಳಿಕೆ ಬಂತು. ಯಂತ್ರ ಸಣ್ಣದಿತ್ತು, ಮಾತು ದೊಡ್ಡದಿತ್ತು.

1948ರ ಜೂನ್ 8ರಂದು ಮುಂಬಯಿಯಿಂದ ಲಂಡನ್ನಿಗೆ ಏರ್ ಇಂಡಿಯಾದ ಮೊದಲ ವಿಮಾನ ಹೋದಾಗ ಕೈರೋದಲ್ಲಿ, ಜಿನೀವಾದಲ್ಲಿ ಇಳಿದು ಹೋಗಬೇಕಿತ್ತು. ಇವತ್ತು ಸಿಂಗಪುರದಿಂದ ನ್ಯೂಯಾರ್ಕಿಗೆ 15,000 ಕಿಲೋಮೀಟರಿನ ಮೇಲಿನ ದಾರಿಯನ್ನು ಹದಿನೆಂಟು ಗಂಟೆ ಚಿಲ್ಲರೆಯಲ್ಲಿ ಒಂದೇ ಉಸಿರಿಗೆ ಹಾರುತ್ತಾರೆ. ಹಾರುತ್ತಿರುವ ವಿಮಾನ ಈಗ ಯಾವ ಸಮುದ್ರದ ಮೇಲಿದೆ ಅಂತ ಬೈರಕೂರಿನ ಹುಡುಗ ಫೋನಿನಲ್ಲಿ ಒತ್ತಿ ತನ್ನ ಅಜ್ಜಿಗೆ ತೋರಿಸುತ್ತಾನೆ. "ನೋಡಜ್ಜಿ, ಮಾವ ಈಗ ಮಂಚುಕೊಂಡದ ಮೇಲವ್ನೆ" ಅಂತಾನೆ. ಅದೇ ಅಜ್ಜಿ ಮಾತ್ರೆ ತರೋಕೆ ಮುಳಬಾಗಲಿಗೆ ಹೋಗಬೇಕಾದರೆ ಬಸ್ಸು ಎಲ್ಲಿದೆ ಅಂತ ರಸ್ತೆಗೆ ಬಂದು ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಾಳೆ!

2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟಿನ ದುಡ್ಡಿಲ್ಲ. ಕೂಲಿ ಹೆಂಗಸರಿಗೆ, ಕಾಲೇಜು ಹುಡುಗಿಯರಿಗೆ ಅದರಿಂದ ದುಡ್ಡು ಉಳಿಯಿತು. ದುಡ್ಡು ಉಳಿಸಿದ ಸರ್ಕಾರ ಹೊತ್ತನ್ನೂ ಉಳಿಸಿಕೊಟ್ಟರೆ ಕೆಲಸ ಪೂರ್ತಿಯಾಗುತ್ತೆ. ನರಸಾಪುರದ ಕಾರ್ಖಾನೆಯಲ್ಲಿ ಜೋಡಿಸಿದ ಫೋನು ವಿಮಾನ ಹತ್ತಿ ಹೊರದೇಶಕ್ಕೆ ಹೋಗುವಾಗ ಅದು ಯಾವ ಗಳಿಗೆಗೆ ಎಲ್ಲಿರುತ್ತೆ ಅಂತ ಬರೆದಿಟ್ಟಿರುತ್ತಾರೆ. ಅಂಥ ಕಾರ್ಖಾನೆಯಲ್ಲಿ ದುಡಿಯೋ ಹುಡುಗಿ ಮುಳಬಾಗಲಲ್ಲಿ ಇಳಿದ ಮೇಲೆ ಊರು ಯಾವಾಗ ಸೇರುತ್ತಾಳೆ ಅಂತ ಎಲ್ಲಿ ಬರೆದಿದೆ?

ಅಂಗಡಿಯವರಿಗೂ ಇದೇ ಲೆಕ್ಕ. ಟೊಮ್ಯಾಟೋ ಕ್ರೇಟು ಕಟ್ಟಿದವನಿಗೆ ದೂರ ಅಂದರೆ ಕೊಳೆಯೋದರೊಳಗೆ ಸೇರುತ್ತೋ ಇಲ್ಲವೋ ಅಷ್ಟೇ. ಬಸ್ಸಿನ ಮೇಲೆ ಸಾಮಾನು ತರಿಸುವ ಚಿಲ್ಲರೆ ಅಂಗಡಿಯವನು ಬೆಳಿಗ್ಗೆಯ ಬಸ್ಸು ತಪ್ಪಿದರೆ ಮಧ್ಯಾಹ್ನದ ವ್ಯಾಪಾರ ಕಳೆದುಕೊಳ್ಳುತ್ತಾನೆ. ಹೊತ್ತು ಅಂದರೆ ಅವನಿಗೆ ಗಲ್ಲಾಪೆಟ್ಟಿಗೆ.

ತಪ್ಪು ಒಂದೇ ಕಡೆ ಇಲ್ಲ

ಡಿಪೋದವರ ಮಾತನ್ನೂ ಕೇಳಬೇಕು. ಹಳ್ಳಿ ದಾರಿಯಲ್ಲಿ ಕಲೆಕ್ಷನ್ ಕಡಿಮೆ. ಡ್ರೈವರು ಕಂಡಕ್ಟರು ಸಾಲದು. ಒಂದು ಬಸ್ಸು ಕೆಟ್ಟು ನಿಂತರೆ ಅದರ ಬದಲಿಗೆ ಕಳಿಸೋಕೆ ಇನ್ನೊಂದು ಕೈಯಲ್ಲಿರೋದಿಲ್ಲ. ಇವೆಲ್ಲ ಸುಳ್ಳಲ್ಲ. ಸ್ಕೂಲು ಮಕ್ಕಳು ತೂಗಾಡುವ ಬಸ್ಸನ್ನು ಕಿರಿದಾದ ರಸ್ತೆಯಲ್ಲಿ ಓಡಿಸುವ ಡ್ರೈವರನ ಕಷ್ಟ ಸೀಟಿನಲ್ಲಿ ಕೂತವನಿಗೆ ತಿಳಿಯೋದಿಲ್ಲ.

ಜನರೂ ಸಾಚಾ ಅಲ್ಲ. ಹೊರಟ ಬಸ್ಸನ್ನು ತಡೆದು "ಒಂದ್ನಿಮಿಷ ಇರಪ್ಪಾ, ನಮ್ಮಕ್ಕ ಬರ್ತಾವ್ಳೆ" ಅನ್ನೋರು ಯಾರು? ಗೊಬ್ಬರದ ಮೂಟೆ ಬಾಗಿಲಲ್ಲಿಟ್ಟು ಕಂಡಕ್ಟರ ಜೊತೆ ಲಗೇಜು ದುಡ್ಡಿಗೆ ಜಗಳಕ್ಕೆ ನಿಲ್ಲೋರು ಯಾರು? ಬಸ್ಸು ನಿಲ್ದಾಣದ ಮುಂದೆಯೇ ಗೂಡ್ಸು ಗಾಡಿ ಅಡ್ಡ ನಿಲ್ಲಿಸಿ ಮಾಲು ಇಳಿಸಿಕೊಳ್ಳುವ ಅಂಗಡಿಯವರು ಯಾರು? ವಿಮಾನದ ಬಾಗಿಲು ಹಾಕಿದ ಮೇಲೆ ಮಂತ್ರಿಯ ಭಾಮೈದ ಬಂದರೂ ತೆಗೆಯೋದಿಲ್ಲ ಅಂತ ಹೊಗಳುತ್ತೇವೆ. ಅದೇ ಶಿಸ್ತು ಊರಿನ ಬಸ್ಸಿಗೆ ಬೇಡವೇ? ಒಬ್ಬನ ಒಂದು ನಿಮಿಷ ಐವತ್ತು ಜನರ ಐವತ್ತು ನಿಮಿಷ.

ಹೀಗಿದ್ದರೂ ಹೊತ್ತು ಹೇಳುವ ಹೊಣೆ ಬಸ್ಸು ನಡೆಸುವವರದ್ದೇ. ಹೇಳಿದ ಹೊತ್ತಿಗೆ ಬಂದು ನಿಲ್ಲುವ ಹೊಣೆ ಜನರದ್ದು. ಮೊದಲನೆಯದು ಆಗದೆ ಎರಡನೆಯದನ್ನು ಕೇಳುವ ಹಾಗಿಲ್ಲ.

ಆಗಬೇಕಾದ್ದು ಇಷ್ಟೇ

ಕೋಟಿ ರೂಪಾಯಿಯ ಯೋಜನೆ ಬೇಡ. ಶಂಕುಸ್ಥಾಪನೆ, ಹಾರ ತುರಾಯಿ ಬೇಡ. ಒಂದು ಡಬ್ಬ ಬಣ್ಣ, ಒಂದು ಕುಂಚ, ಒಬ್ಬ ಬೋರ್ಡು ಬರೆಯುವವನು ಸಾಕು.

ಒಂದು: ಬೈರಕೂರಿನಲ್ಲೂ ಹೋಬಳಿಯ ಬಸ್ಸು ನಿಲ್ಲುವ ಪ್ರತಿ ಹಳ್ಳಿಯಲ್ಲೂ ಗೋಡೆಯ ಮೇಲೆ ಬಸ್ಸಿನ ಹೊತ್ತು ಬರೆಸಬೇಕು. ಕನ್ನಡದಲ್ಲಿ ದಪ್ಪಗೆ, ದೂರದಿಂದ ಕಾಣುವ ಹಾಗೆ. ಗಡಿ ಹಳ್ಳಿಗಳಲ್ಲಿ ಕೆಳಗೆ ತೆಲುಗಿನಲ್ಲೂ ಇರಲಿ. ರಾತ್ರಿಯ ಕೊನೇ ಬಸ್ಸಿನ ಹೊತ್ತು ಕೆಂಪು ಬಣ್ಣದಲ್ಲಿರಲಿ. ಇದ್ದರೆ ಅದು ಇವತ್ತಿಗೂ ಸರಿಯೇ ಅಂತ ನೋಡಿ ತಿದ್ದಿಸಲಿ.

ಎರಡು: ಹಳ್ಳಿ ಬಸ್ಸಿಗೂ ಹೆದ್ದಾರಿ ಬಸ್ಸಿಗೂ ಮುಳಬಾಗಲಿನಲ್ಲಿ ತಾಳೆ ಇರಬೇಕು. ಕೋಲಾರದಿಂದ ಬರುವ ಸಂಜೆ ಬಸ್ಸು ಹತ್ತು ನಿಮಿಷ ತಡವಾದರೆ ಬೈರಕೂರಿನ ಬಸ್ಸು ಅಷ್ಟು ಹೊತ್ತು ನಿಲ್ಲಬೇಕು. ಡ್ರೈವರಿಂದ ಡ್ರೈವರಿಗೆ ಒಂದು ಫೋನು ಮಾಡಿದರೆ ಮುಗಿಯುವ ಕೆಲಸ.

ಮೂರು: ಬೆಳಗಿನ ಜಾವ ಮುಳಬಾಗಲಿನಿಂದ ಹೊರಟು ಬೆಂಗಳೂರು ಪೇಟೆಯೊಳಗೆ ಹೋಗದೆ ಹೊಸಕೋಟೆಯಿಂದ ನೇರ ದೇವನಹಳ್ಳಿಗೆ ಮುಟ್ಟುವ ಬಸ್ಸು, ರಾತ್ರಿ ಅದೇ ದಾರಿಯಲ್ಲಿ ಹಿಂದಿರುಗುವ ಬಸ್ಸು ಬೇಕು. ಅಂಥದ್ದು ಇದ್ದರೆ ಅದರ ಹೊತ್ತನ್ನು ಹಳ್ಳಿಗಳಿಗೆ ತಿಳಿಸಲಿ. ಇಲ್ಲದಿದ್ದರೆ ಆರು ತಿಂಗಳು ಬಿಟ್ಟು ನೋಡಲಿ. ವಿಮಾನ ಹತ್ತುವವರು ಮಾತ್ರವಲ್ಲ, ಆ ನಿಲ್ದಾಣದಲ್ಲಿ ಕಸ ಗುಡಿಸಿ, ಕಾವಲು ಕಾದು, ಕ್ಯಾಂಟೀನಿನಲ್ಲಿ ದುಡಿದು ಬದುಕುವವರಿಗೂ ಅದು ಬೇಕು.

ನಾಲ್ಕು: ಬಸ್ಸು ರದ್ದಾದರೆ ಆ ಸುದ್ದಿ ಬಸ್ಸಿಗಿಂತ ಮುಂಚೆ ಹಳ್ಳಿಗೆ ಮುಟ್ಟಬೇಕು. ಪ್ರತಿ ಹಳ್ಳಿಯಲ್ಲಿ ಒಬ್ಬ ಅಂಗಡಿಯವನ ಫೋನಿಗೆ ಒಂದು ಸಂದೇಶ ಕಳಿಸಿದರೆ ಸಾಕು, ಊರಿಗೆಲ್ಲ ತಿಳಿಯುತ್ತೆ.

ಈ ನಾಲ್ಕಕ್ಕೂ ಹೊಸ ವಿಮಾನ ಬೇಡ, ಹೊಸ ಹೆದ್ದಾರಿ ಬೇಡ.

ಮತ್ತೆ ಆ ತಾಯಿಯ ವಿಚಾರಕ್ಕೆ ಬರೋಣ. ಅಂಗಳದಲ್ಲಿ ಜನ ಕೂತಿದ್ದಾರೆ. ಚಪ್ಪರ ಹಾಕಿದೆ. ಮಗ ಫೋನು ಮಾಡಿ ಹೇಳಿದ್ದಾನೆ: "ಅಮ್ಮಾ, ಬೆಳಗಿನ ಜಾವ ನಾಲ್ಕು ಗಂಟೆ ಒಳಗೆ ಇಳೀತೀನಿ." ಅದು ಹದಿನಾಲ್ಕು ಸಾವಿರ ಕಿಲೋಮೀಟರಿನ ಮಾತು. ಆದರೂ ಆಗುತ್ತೆ ಅಂತ ಊರೇ ನಂಬುತ್ತೆ. "ಆಮೇಲೆ ಇಲ್ಲಿಗೆ ಎಷ್ಟೊತ್ತಿಗಪ್ಪಾ?" ಅಂತ ತಾಯಿ ಕೇಳುತ್ತಾಳೆ. ದುಡ್ಡಿದ್ದವನು ಕಾರು ಹೇಳಿ ಬರುತ್ತಾನೆ. ಇಲ್ಲದವನು, ಅಥವಾ ಅದೇ ಸಾವಿಗೆ ಬೆಂಗಳೂರಿನಿಂದ ಬರಬೇಕಾದ ಕೂಲಿ ಮಾಡುವ ತಂಗಿ, ಆ ಪ್ರಶ್ನೆಗೆ ಏನು ಹೇಳಬೇಕು? "ಬಸ್ಸು ಸಿಕ್ಕಿದ ಹಾಗೆ ಬರ್ತೀನಮ್ಮಾ" ಅನ್ನಬೇಕು.

"ಸಿಕ್ಕಿದ ಹಾಗೆ" ಅನ್ನೋದು ಹೊತ್ತಲ್ಲ. ಎಲೆ ಅಡಿಕೆಯ ಲೆಕ್ಕ ಹೇಳುವ ಹಿರೀಕರು ಕೂಡ ಇದಕ್ಕಿಂತ ಖಚಿತವಾಗಿ ಹೇಳುತ್ತಿದ್ದರು. ಉತ್ತರ ಧ್ರುವ ದಾಟಿ ಬರುವವನ ಹೊತ್ತು ಹೇಳಬಲ್ಲ ಕಾಲದಲ್ಲಿ ಮುಳಬಾಗಲು ದಾಟಿ ಬರುವವಳ ಹೊತ್ತು ಹೇಳಲಾಗದಿದ್ದರೆ ಯಾರಿಗೆ ನಾಚಿಕೆಯಾಗಬೇಕು?

ಸಂಬಂಧಪಟ್ಟವರು ಒಂದು ದಿನ ಬೈರಕೂರಿನ ಬಸ್ಸು ಕಟ್ಟೆಯ ಮೇಲೆ ಬಂದು ಕೂತು ನೋಡಲಿ. ಗಡಿಯಾರ ಕಟ್ಟಿಕೊಂಡು ಬರಲಿ.